ಅಮಾನಿಯ ಕಹಿ ತೊಗಟೆ

ಇಂಗ್ಲೆಂಡಿನ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನನ್ನ ಶ್ರೀಮತಿ ಆಫ್ರಿಕನ್ ವಯಲೆಟ್ ಗಿಡಗಳನ್ನು ಮಕ್ಕಳಂತೆ ಸಾಕುತ್ತಾಳೆ. ಅವುಗಳ ತವರು ಟಾಂಜಾನಿಯಾದ ಉಸಾಂಬರ ಬೆಟ್ಟಗಳು ಎಂದು ತಿಳಿದ ದಿನದಿಂದ "ಒಮ್ಮೆ ಹೋಗಿ ನೋಡೋಣ್ರೀ" ಎಂಬ ಒತ್ತಾಯ ಶುರುವಾಗಿತ್ತು. ಕಳೆದ ವರ್ಷ ದಾರ್-ಎಸ್-ಸಲಾಮ್‌ನ ಗೆಳೆಯರ ಮನೆಗೆ ಹೋದಾಗ ಆ ಯೋಗ ಕೂಡಿಬಂತು. ಅವಳು ಹೂವು ನೋಡಲು ಹೊರಟಳು, ನಾನು ಒಂದು ಮರ ನೋಡಲು.

ಮುಹೇಜಾ ಪಟ್ಟಣದಿಂದ ಅಮಾನಿಗೆ ಸುಮಾರು 35 ಕಿ.ಮೀ. ಕೆಳಗೆ ಸುಡುಬಿಸಿಲು. ಸಿಗಿ ಎಂಬಲ್ಲಿ ಜರ್ಮನ್ನರ ಕಾಲದ ಸ್ಟೇಷನ್ ಮಾಸ್ಟರ್ ಮನೆ ಈಗ ಪ್ರವಾಸಿಗರ ಮಾಹಿತಿ ಕೇಂದ್ರ. ಅಲ್ಲಿಂದ ಮುಂದೆ ನಮ್ಮ ಆಗುಂಬೆ ಘಾಟಿಯನ್ನೇ ನೆನಪಿಸುವ ತಿರುವುಗಳು. ಸುಮಾರು 900 ಮೀಟರ್ ಎತ್ತರ ತಲುಪುವಷ್ಟರಲ್ಲಿ ಮಂಜು, ಚಹಾ ತೋಟ, ಸ್ವೆಟರ್ ಬೇಡುವ ಚಳಿ! ಕಾಡಿನ ನೆರಳಲ್ಲಿ ಏಲಕ್ಕಿ ಕೂಡ ಬೆಳೆಯುತ್ತಾರೆ. ಸ್ವಾಹಿಲಿಯಲ್ಲಿ ಅದರ ಹೆಸರು 'ಇಲಿಕಿ' ಎಂದಾಗ ನಮಗೆ ಊರಿನವರೇ ಸಿಕ್ಕಷ್ಟು ಖುಷಿ. 'ಅಮಾನಿ' ಎಂದರೆ ನಮಗೆ ಬೆಂಗಳೂರು ಕಡೆಯ ಅಮಾನಿ ಕೆರೆಗಳ ನೆನಪು. ಸ್ವಾಹಿಲಿಯಲ್ಲಿ ಅದರ ಅರ್ಥ ಶಾಂತಿ.

ಜರ್ಮನ್ನರು 1902ರಲ್ಲಿ ಇಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿ ಈ ಸಸ್ಯೋದ್ಯಾನ ಬೆಳೆಸಿದರು. ಲಾಲ್‌ಬಾಗಿನ ಹೂವಿನ ಮಡಿಗಳನ್ನು ಇಲ್ಲಿ ಹುಡುಕಬೇಡಿ. ವಸಾಹತಿಗೆ ಲಾಭ ತರುವ ಮರ ಯಾವುದೆಂದು ಪರೀಕ್ಷಿಸಲು ದೇಶದೇಶಗಳಿಂದ ತಂದು ನೆಟ್ಟ ಕರ್ಪೂರ, ರಬ್ಬರ್, ಮಸಾಲೆ ಗಿಡಗಳು ಬೆಟ್ಟದ ತುಂಬಾ ಹರಡಿವೆ. ಅವುಗಳ ನಡುವೆ ನಾನು ಹುಡುಕಿಕೊಂಡು ಬಂದದ್ದು ಸಿಂಕೋನಾ, ಅಂದರೆ ಕ್ವಿನೈನ್ ಮರ.

ಮಾರ್ಗದರ್ಶಕರು ಒಣ ತೊಗಟೆಯ ಚೂರೊಂದನ್ನು ಕೊಟ್ಟು "ಚುಂಗು, ದಕ್ತಾರಿ!" ಎಂದು ನಕ್ಕರು. ಕಹಿ, ಡಾಕ್ಟರೇ! ನಾಲಿಗೆಗೆ ತಾಗಿಸಿದೆ. ಆ ಕಹಿಯ ಜೊತೆಗೆ ಮೂವತ್ತು ವರ್ಷದ ಹಿಂದಿನ ಒಂದು ರಾತ್ರಿ ಬಂದು ನಿಂತಿತು.

ಆಗ ನಾನು ಕರಾವಳಿಯ ಆಸ್ಪತ್ರೆಯೊಂದರಲ್ಲಿ ಹೌಸ್‌ಸರ್ಜನ್. ಕಟ್ಟಡ ಕೆಲಸದ ತುಂಬು ಗರ್ಭಿಣಿಯೊಬ್ಬಳು ಮಲೇರಿಯಾದಿಂದ ದಾಖಲಾಗಿದ್ದಳು. ಕ್ವಿನೈನ್ ಡ್ರಿಪ್ ಹಾಕಿದೆ. ನಡುರಾತ್ರಿ ಪ್ರಜ್ಞೆ ತಪ್ಪಿತು. ಜ್ವರ ಮೆದುಳಿಗೆ ಏರಿದೆ ಎಂದು ಕೇಸ್ ಶೀಟಿನಲ್ಲಿ ಬರೆದು ಕುಳಿತೆ. ಹಿರಿಯ ಸಿಸ್ಟರ್ ಒಬ್ಬರು ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಶುಗರ್ ನೋಡಿದ್ರಾ?" ನೋಡಿರಲಿಲ್ಲ! ಕ್ವಿನೈನ್ ಇನ್ಸುಲಿನ್ ಹೆಚ್ಚಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಗರ್ಭಿಣಿಯರಲ್ಲಿ ಇದು ಇನ್ನೂ ಹೆಚ್ಚು ಎಂದು ಓದಿ ಪಾಸಾದವನೇ ನಾನು. ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಆಕೆ ಕಣ್ಣು ಬಿಟ್ಟಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಜ್ವರದಿಂದಲೋ, ನನ್ನ ತಡದಿಂದಲೋ? ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಜೀವ ಉಳಿಸುವ ವಸ್ತುವಿಗೂ ಎರಡು ಮುಖ. ಅಮಾನಿಯ ಕಥೆಯೂ ಹಾಗೆಯೇ. ಮೊದಲ ಮಹಾಯುದ್ಧದಲ್ಲಿ ಸಮುದ್ರದ ದಾರಿ ಮುಚ್ಚಿದಾಗ ಜರ್ಮನ್ ಸೈನ್ಯಕ್ಕೆ ಇಲ್ಲಿಯ ತೊಗಟೆಯಿಂದಲೇ ಕ್ವಿನೈನ್ ತಯಾರಾಯಿತು. 1916ರಲ್ಲಿ ಬ್ರಿಟಿಷರು ಬಂದರು. ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಮಲೇರಿಯಾ ಸಂಶೋಧನೆ ನಡೆಯಿತು. ಆದರೆ ಹೊರಗಿನಿಂದ ತಂದು ನೆಟ್ಟ ಮೀಸಾಪ್ಸಿಸ್ ಎಂಬ ಮರ ತೋಟದ ಬೇಲಿ ದಾಟಿ ಮೂಲ ಕಾಡಿಗೇ ನುಗ್ಗಿದೆ. 1997ರಲ್ಲಿ ಸುತ್ತಲಿನ ಕಾಡಿನ ಜೊತೆ ಇಡೀ ಪ್ರದೇಶವನ್ನು ಅಮಾನಿ ಸಂರಕ್ಷಿತಾರಣ್ಯವೆಂದು ಘೋಷಿಸಲಾಯಿತು. ತೀವ್ರ ಮಲೇರಿಯಾಕ್ಕೆ ಈಗ ಕ್ವಿನೈನ್‌ಗಿಂತ ಆರ್ಟೆಸುನೇಟ್ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರ ಮಾತ್ರ ಸುಮ್ಮನೆ ನಿಂತಿದೆ.

ಇಳಿಯುವ ದಾರಿಯಲ್ಲಿ, ನೀರು ಜಿನುಗುವ ಬಂಡೆಯ ನೆರಳಲ್ಲಿ ಶ್ರೀಮತಿಗೆ ಅವಳ ನೀಲಿ ಹೂವೂ ಸಿಕ್ಕಿತು. "ನಮ್ಮನೆ ಗಿಡಕ್ಕಿಂತ ಸಣ್ಣದು, ಆದ್ರೆ ಎಷ್ಟು ಗಟ್ಟಿ ನೋಡಿ!" ಎಂದಳು. ಕೀಳಲು ಹೋಗಲಿಲ್ಲ.

ಈ ಯುಗಾದಿಗೆ ನಮ್ಮ ಸಂಘದಲ್ಲಿ ಬೇವು-ಬೆಲ್ಲ ಕೊಟ್ಟಾಗ ಮಕ್ಕಳು ಬೆಲ್ಲವನ್ನಷ್ಟೇ ಆರಿಸಿಕೊಂಡರೆ ಬೈಯಬೇಡಿ. ಕಹಿ ಮದ್ದು ಹಾಕಿ ಸಿಹಿಯನ್ನು ಮರೆತವನ ಈ ಕಥೆ ಹೇಳಿ. ಎರಡನ್ನೂ ಒಟ್ಟಿಗೆ ಏಕೆ ಕೊಡುತ್ತಾರೆಂದು ಅವರಿಗೇ ತಿಳಿದೀತು.