ಪಿಕ್‌ನಿಕ್ಕಿನ ನಡುವೆ ದೇವರ ಮಾತು

ಚರ್ಚಿನ ಯುವಜನ ಸಂಘಗಳು ಪಿಕ್‌ನಿಕ್ ಏರ್ಪಡಿಸುವಾಗ ಸಾಮಾನ್ಯವಾಗಿ ಒಂದು ಲೆಕ್ಕ ಹಾಕುತ್ತವೆ. ದಿನವಿಡೀ ಆಟ, ಊಟ, ಹಾಡು. ಬಸ್ಸು ಹತ್ತುವ ಮುಂಚೆ ಅರ್ಧ ಗಂಟೆ ಪ್ರವಚನ. ಹುಡುಗರು ಬರುವುದು ಮೋಜಿಗೆ, ಕಲಿಯುವುದು ಪ್ರವಚನದಿಂದ ಎಂಬ ಈ ಎಣಿಕೆ ತಲೆಕೆಳಗಾದದ್ದು. ನಂಬಿಕೆ ಮನಸ್ಸಿಗೆ ಇಳಿಯುವುದಾದರೆ ಆಟದ ಹೊತ್ತಿನಲ್ಲೇ ಇಳಿಯಬೇಕು, ಅದೂ ಗುರು ಆಟಕ್ಕೆ ಇಳಿದಿದ್ದರೆ ಮಾತ್ರ. ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮಲ್ಲಿ ಶಾಲೆಗಳ ಹೆಸರಾಗಿಯೇ ಪರಿಚಿತರಾದ ಡಾನ್ ಬೋಸ್ಕೊ (1815–1888).

ಇಟಲಿಯ ಟ್ಯೂರಿನ್ ನಗರಕ್ಕೆ ಕೂಲಿ ಹುಡುಕಿ ಬರುತ್ತಿದ್ದ ಹಳ್ಳಿ ಹುಡುಗರನ್ನು ಈ ಕಥೋಲಿಕ ಗುರು 1841ರಿಂದ ಭಾನುವಾರಗಳಂದು ಕೂಡಿಸತೊಡಗಿದರು. ಗಾರೆ ಕೆಲಸದ ಹುಡುಗರೇ ಅವರಲ್ಲಿ ಬಹಳ. ನೆಲೆಯಿಲ್ಲದೆ ಅಲೆದಾಡಿದ ಮೇಲೆ, 1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಒಂದು ಕೊಟ್ಟಿಗೆಯಂಥ ಜಾಗ ಬಾಡಿಗೆಗೆ ಸಿಕ್ಕಿತು. ಮುಂದೆ ಅವರು ಪ್ರತಿ ಅಕ್ಟೋಬರಿನಲ್ಲಿ ಜಪಮಾಲೆ ಮಾತೆಯ ಹಬ್ಬಕ್ಕೆ ಹುಡುಗರನ್ನು ತಮ್ಮ ಹುಟ್ಟೂರಾದ ಬೆಕ್ಕಿ ಎಂಬಲ್ಲಿಗೆ ಕರೆದೊಯ್ದು, ಅಲ್ಲಿಂದ ಮಾನ್‌ಫೆರ್ರಾಟೊ ಬೆಟ್ಟಸಾಲಿನ ಊರೂರು ಸುತ್ತಿಸುವ ರೂಢಿ ಬೆಳೆಸಿದರು. ಮುಂದೆ ಹಿತ್ತಾಳೆ ವಾದ್ಯಗಳ ಬ್ಯಾಂಡು, ಹಿಂದೆ ಗದ್ದಲದ ಮೆರವಣಿಗೆ. ಊಟ, ಹಾಸಿಗೆ ಎರಡೂ ಆಯಾ ಊರಿನ ಪಾದ್ರಿಯ ಇಲ್ಲವೇ ಅನುಕೂಲಸ್ಥರ ಔದಾರ್ಯಕ್ಕೆ ಬಿಟ್ಟದ್ದು. ಎಷ್ಟೋ ರಾತ್ರಿ ಹುಲ್ಲಿನ ಮೇಲೇ ನಿದ್ದೆ. ಸಂಜೆ ಕಟ್ಟಿದ ಅಟ್ಟದ ಮೇಲೆ ಆ ಸೀಮೆಯ ಮೆಚ್ಚಿನ ಹಾಸ್ಯಪಾತ್ರ ಜಾಂದುಯಾನ ಪ್ರಹಸನ. ಬೆಳಿಗ್ಗೆ ದೇವಾಲಯದಲ್ಲಿ ಅದೇ ಹುಡುಗರ ಕಂಠದಲ್ಲಿ ಬಲಿಪೂಜೆಯ ಗಾಯನ. ರಾತ್ರಿ ಊರನ್ನು ನಗಿಸಿದವನೇ ಬೆಳಿಗ್ಗೆ ಪೀಠದ ಬಳಿ ಹಾಡುತ್ತಿದ್ದ. ಇದರ ನಡುವೆ ಗೆರೆ ಎಳೆಯಬೇಕೆಂದು ಯಾರಿಗೂ ಹೊಳೆದಂತಿಲ್ಲ, ಅದೇ ಪಾಠ. 1864ರಲ್ಲಿ ಈ ತಂಡ ಜಿನೋವಾದವರೆಗೂ ಹೋಗಿ, ಮರಳುವ ಹಾದಿಯಲ್ಲಿ ಮೊರ್ನೇಸೆ ಎಂಬ ಹಳ್ಳಿಯಲ್ಲಿ ತಂಗಿತು. ಅಲ್ಲಿ ಡಾನ್ ಬೋಸ್ಕೊ ಅವರನ್ನು ಕಂಡ ಆ ಹಳ್ಳಿಯ ಯುವತಿ ಮರಿಯ ಮಜ್ಜರೆಲ್ಲೊ 1872ರಲ್ಲಿ ಅವರ ಜೊತೆ ಸನ್ಯಾಸಿನಿಯರ ಸಭೆಯೊಂದನ್ನು ಸ್ಥಾಪಿಸಿದರು. ಪ್ರವಾಸದ ಫಲವೆಲ್ಲ ಇಷ್ಟು ದೊಡ್ಡದಾಗಿರುತ್ತದೆ ಎಂದೇನೂ ಅಲ್ಲ.

ಇವೆಲ್ಲ ಶಿಷ್ಯರು ಬರೆದಿಟ್ಟ ಭಕ್ತಿಕಥೆಗಳಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಆ ಚರಿತ್ರೆಗಳಲ್ಲಿ ಉತ್ಪ್ರೇಕ್ಷೆ ಇದ್ದೇ ಇದೆ. ಆದರೆ 1884ರಲ್ಲಿ ರೋಮಿನಿಂದ ಡಾನ್ ಬೋಸ್ಕೊ ವಾಲ್ಡೊಕ್ಕೊದ ತಮ್ಮ ಸಂಸ್ಥೆಗೇ ಕಳಿಸಿದ ಪತ್ರ ಹೊಗಳಿಕೆಯದ್ದಲ್ಲ, ದೂರು. ಕನಸಿನ ರೂಪದಲ್ಲಿರುವ ಆ ಪತ್ರದಲ್ಲಿ ಎರಡು ಅಂಗಳಗಳಿವೆ: ಹಿಂದಿನದರಲ್ಲಿ ಗುರುಗಳೂ ಹುಡುಗರೂ ಕೂಡಿ ಓಡಾಡುತ್ತಾರೆ; ಈಗಿನದರಲ್ಲಿ ಗುರುಗಳು ದೂರ ನಿಂತಿದ್ದಾರೆ, ಹುಡುಗರು ಮಂಕಾಗಿದ್ದಾರೆ, ಪಾಪನಿವೇದನೆಯಲ್ಲೂ ಉತ್ಸಾಹವಿಲ್ಲ. ಪ್ರವಚನ ಹೆಚ್ಚಿಸಿ ಎಂಬುದಲ್ಲ ಅವರ ಮದ್ದು. ಮತ್ತೆ ಹುಡುಗರ ಜೊತೆ ಆಟಕ್ಕೆ ಇಳಿಯಿರಿ, ಅವರು ಇಷ್ಟಪಡುವುದನ್ನು ನೀವೂ ಇಷ್ಟಪಡಿ ಎಂಬುದು. ತನ್ನ ಮನೆಯ ಹುಳುಕನ್ನೇ ತೋರಿಸುವ ಬರಹವನ್ನು ನಂಬಲು ಅಡ್ಡಿಯಿಲ್ಲ.

ಮೋಜಿನಿಂದ ಭಕ್ತಿ ಹಗುರಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಉತ್ತರ ಇನ್ನೂ ಹಳೆಯದು: 16ನೆಯ ಶತಮಾನದ ರೋಮಿನಲ್ಲಿ ಸಂತ ಫಿಲಿಪ್ ನೇರಿ ಮೋಜಿನ ಹಬ್ಬವಾದ ಕಾರ್ನಿವಲ್‌ನ ದಿನಗಳಲ್ಲೇ ಜನರನ್ನು ಏಳು ದೇವಾಲಯಗಳಿಗೆ ನಡೆಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ತೋಟವೊಂದರಲ್ಲಿ ಊಟ, ಸಂಗೀತ. ನಡಿಗೆ ಮಾತ್ರ ಕಾಲು ನೋಯುವಷ್ಟು ಉದ್ದ. ಸಂತೋಷವಿದ್ದರೆ ಶ್ರಮ ಇಲ್ಲವೆಂದಲ್ಲ.

ನಮ್ಮ ದೇಶದಲ್ಲಿ ಏಳುವ ಪ್ರಶ್ನೆ ಆಮಿಷದ್ದು. ಟ್ಯೂರಿನ್ನಿನ ಹುಡುಗರು ಬಹುತೇಕ ಹುಟ್ಟು ಕಥೋಲಿಕರು. ಬೇರೆ ಬೇರೆ ಧರ್ಮದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಊರುಗಳಿಗೆ ಆ ಮಾದರಿಯನ್ನು ಹಾಗೇ ತರಲಾಗದು. ನೆರೆಯ ಹುಡುಗನೂ ಬರುವುದಾದರೆ ಇದು ಚರ್ಚಿನ ಪಿಕ್‌ನಿಕ್ಕು, ಅಲ್ಲಿ ಪ್ರಾರ್ಥನೆ ಇರುತ್ತದೆ ಎಂದು ಅವನ ಮನೆಯವರಿಗೆ ಮೊದಲೇ ತಿಳಿಸಿರಬೇಕು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಆಟವನ್ನು ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸುವವರಿಗೆ ಈ ಮುನ್ಸೂಚನೆ ತೊಡಕು. ಆಟವನ್ನೇ ನಂಬಿಕೆಯ ಭಾಗವೆಂದು ತಿಳಿದವರಿಗೆ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ.