ಹರಳು ಒಂಚೂರು ಕೆಡಬೇಕು: ಮೆಗ್ನೀಸಿಯಂ ಡೈಬೋರೈಡ್ ಕಥೆ

ಎಂಆರ್‌ಐ ಮಷೀನ್ ಒಳಗೆ ಮಲಗಿದವರಿಗೆ ಆ ಟಕ್ ಟಕ್ ಸದ್ದು ನೆನಪಿರುತ್ತೆ. ಆದ್ರೆ ದೊಡ್ಡ ಖರ್ಚೊಂದು ಸದ್ದಿಲ್ಲದೆ ನಡೀತಿರುತ್ತೆ: ಒಳಗಿನ ಮ್ಯಾಗ್ನೆಟ್ ಅನ್ನು ತಣ್ಣಗಿಡೋದು. ಅದು ಸಾಮಾನ್ಯವಾಗಿ ನಯೋಬಿಯಂ-ಟೈಟಾನಿಯಂ ತಂತಿಯದು. ಸೂಪರ್‌ಕಂಡಕ್ಟರ್ ಆಗಿ, ಅಂದ್ರೆ ರೆಸಿಸ್ಟೆನ್ಸೇ ಇಲ್ಲದೆ ಕರೆಂಟ್ ಹರಿಸೋಕೆ ಅದಕ್ಕೆ ದ್ರವ ಹೀಲಿಯಂ ಬೇಕು, ಮೈನಸ್ 269 ಡಿಗ್ರಿ. ಆ ಹೀಲಿಯಂ ನಮ್ಮ ದೇಶಕ್ಕೆ ಹೊರಗಿಂದ ಬರಬೇಕು. ಇನ್ನೊಂದಿಷ್ಟು ಬೆಚ್ಚಗಿದ್ರೂ ಕೆಲಸ ಮಾಡೋ ತಂತಿ ಇದ್ರೆ?

2001ರ ಜನವರಿಯಲ್ಲಿ ಜಪಾನಿನ ಜುನ್ ಅಕಿಮಿತ್ಸು ಅವರ ತಂಡ ಅಂಥದ್ದೊಂದನ್ನ ತೋರಿಸಿತು. ಮೆಗ್ನೀಸಿಯಂ ಡೈಬೋರೈಡ್ 39 ಕೆಲ್ವಿನ್‌ನಲ್ಲೇ, ಅಂದ್ರೆ ಸುಮಾರು ಮೈನಸ್ 234 ಡಿಗ್ರಿಯಲ್ಲೇ, ಸೂಪರ್‌ಕಂಡಕ್ಟರ್ ಆಗುತ್ತೆ. ತಮಾಷೆ ಏನಂದ್ರೆ, ಇದು 1950ರ ದಶಕದಿಂದಲೂ ಗೊತ್ತಿದ್ದ ಪುಡಿ. ಅದು ಸೂಪರ್‌ಕಂಡಕ್ಟರ್ ಅಂತ ಯಾರೂ ಗುರುತಿಸಿರಲಿಲ್ಲ, ಅಷ್ಟೇ.

ಇದರ ಗುಟ್ಟು ಕಂಪನದಲ್ಲಿದೆ. ಹರಳು ಅಂದ್ರೆ ರಂಗೋಲಿ ಚುಕ್ಕಿಗಳ ಹಾಗೆ ಸಾಲಾಗಿ ಕೂತ ಪರಮಾಣುಗಳು. ಇಲ್ಲಿ ಬೋರಾನ್ ಪರಮಾಣುಗಳು ಜೇನುಗೂಡಿನ ಆಕಾರದ ಹಾಳೆಗಳಾಗಿವೆ, ಹಾಳೆ ಹಾಳೆ ನಡುವೆ ಮೆಗ್ನೀಸಿಯಂ. ಆದ್ರೆ ಪರಮಾಣುಗಳು ಸುಮ್ಮನೆ ಕೂರಲ್ಲ, ನಡುಗ್ತಾನೇ ಇರ್ತವೆ. ಬೋರಾನ್‌ಗಳು ತಮ್ಮ ಹಾಳೆಯೊಳಗೇ ಒಂದನ್ನೊಂದು ಎಳೆದು ತಳ್ಳೋ ಒಂದು ಕಂಪನ ಇದೆ. ಎಲೆಕ್ಟ್ರಾನ್‌ಗಳನ್ನ ಜೋಡಿ ಮಾಡೋದು ಮುಖ್ಯವಾಗಿ ಅದೇ. ಜೋಡಿಯಾದ ಎಲೆಕ್ಟ್ರಾನ್‌ಗಳು ಅಡೆತಡೆ ಇಲ್ಲದೆ ಹರೀತವೆ.

ಇದಕ್ಕೆ ಪುರಾವೆ? ವೀಣೆಯಲ್ಲಿ ತೆಳು ತಂತಿಯ ಸ್ವರ ಮೇಲೆ ಇರುತ್ತಲ್ಲ, ಹಾಗೇ ಹಗುರ ಪರಮಾಣು ಬೇಗ ಬೇಗ ಕಂಪಿಸುತ್ತೆ. ಬೋರಾನ್-11 ತೆಗೆದು ಅದಕ್ಕಿಂತ ಹಗುರವಾದ ಬೋರಾನ್-10 ಹಾಕಿದಾಗ ಆ 39 ಕೆಲ್ವಿನ್ ಸುಮಾರು 1 ಡಿಗ್ರಿ ಮೇಲಕ್ಕೆ ಹೋಯ್ತು. ಮೆಗ್ನೀಸಿಯಂನ ತೂಕ ಬದಲಿಸಿದಾಗ ಹೆಚ್ಚೇನೂ ಆಗಲಿಲ್ಲ. ಕೆಲಸ ಮಾಡ್ತಿರೋರು ಯಾರು ಅನ್ನೋದು ಗೊತ್ತಾಯ್ತು.

ಈ ಕಂಪನವನ್ನ ನೋಡೋ ಒಂದು ದಾರಿ ರಾಮನ್ ಸ್ಪೆಕ್ಟ್ರೋಸ್ಕೋಪಿ. ಹೌದು, 1928ರಲ್ಲಿ ಕಲ್ಕತ್ತಾದಲ್ಲಿ ಕಂಡುಹಿಡಿದು, ಆಮೇಲೆ ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಹರಳುಗಳ ಕಂಪನದ ಬೆನ್ನು ಹತ್ತಿದ ಅದೇ ಸಿ. ವಿ. ರಾಮನ್. ಮೆಗ್ನೀಸಿಯಂ ಡೈಬೋರೈಡ್‌ನಲ್ಲಿ ಈ ಕಂಪನ ಚೂಪಾದ ಗೆರೆಯಾಗಿ ಕಾಣಲ್ಲ, ಅಗಲವಾದ ದಿಬ್ಬದ ಹಾಗೆ ಕಾಣುತ್ತೆ. ಎಲೆಕ್ಟ್ರಾನ್ ಜೊತೆಗಿನ ಗಟ್ಟಿ ನಂಟೇ ಅದಕ್ಕೆ ದೊಡ್ಡ ಕಾರಣ. ಅದೇ ರಚನೆಯ ಅಲ್ಯೂಮಿನಿಯಂ ಡೈಬೋರೈಡ್ ತಗೊಳ್ಳಿ. ಅಲ್ಯೂಮಿನಿಯಂ ಒಂದು ಎಲೆಕ್ಟ್ರಾನ್ ಜಾಸ್ತಿ ಕೊಡುತ್ತೆ, ಬೋರಾನ್ ಬಂಧಗಳಲ್ಲಿದ್ದ ಖಾಲಿ ಜಾಗ ತುಂಬಿಹೋಗುತ್ತೆ. ಕಂಪನ ಬಿಗಿಯಾಗುತ್ತೆ, ಆ ನಂಟು ತಪ್ಪುತ್ತೆ. ಅದು ಸೂಪರ್‌ಕಂಡಕ್ಟರ್ ಅಲ್ಲ.

ಹಾಗಾದ್ರೆ ಹರಳು ಶುದ್ಧವಾಗಿದ್ದಷ್ಟೂ ಒಳ್ಳೇದಲ್ವಾ? ಇಲ್ಲೇ ವಿಷಯ ತಿರುಗೋದು. ಮ್ಯಾಗ್ನೆಟ್ ಮಾಡೋ ತಂತಿ ತನ್ನದೇ ಕಾಂತಕ್ಷೇತ್ರವನ್ನ ತಡ್ಕೋಬೇಕು. ಕ್ಷೇತ್ರ ಇದರೊಳಗೆ ನೂಲಿನೆಳೆಗಳ ಹಾಗೆ ನುಗ್ಗುತ್ತೆ. ಒಂದೊಂದು ಎಳೆಯ ತಿರುಳೂ ಹೆಚ್ಚುಕಮ್ಮಿ ಒಂದು ಎಲೆಕ್ಟ್ರಾನ್ ಜೋಡಿಯಷ್ಟು ದಪ್ಪ, ಅಲ್ಲಿ ಸೂಪರ್‌ಕಂಡಕ್ಟಿವಿಟಿ ಸತ್ತಿರುತ್ತೆ. ಈಗ ಕೆಲವು ಬೋರಾನ್ ಜಾಗದಲ್ಲಿ ಕಾರ್ಬನ್ ಕೂರಿಸಿ. ರಂಗೋಲಿ ಅಲ್ಲಲ್ಲಿ ಕೆಡುತ್ತೆ, ಎಲೆಕ್ಟ್ರಾನ್‌ಗಳು ಮತ್ತೆ ಮತ್ತೆ ಡಿಕ್ಕಿ ಹೊಡೀತವೆ, ಜೋಡಿಯ ಅಳತೆ ಕುಗ್ಗುತ್ತೆ. ತಿರುಳು ಸಣ್ಣದಾದ್ರೆ ಹೆಚ್ಚು ಎಳೆಗಳು ಹಿಡಿಸುತ್ತವೆ, ಅಂದ್ರೆ ಹೆಚ್ಚು ಕ್ಷೇತ್ರ ತಡ್ಕೊಳ್ಳುತ್ತೆ. ಬೋರಾನ್‌ನಲ್ಲಿ ನೂರಕ್ಕೆ ಸುಮಾರು 4 ಪಾಲು ಕಾರ್ಬನ್ ಆದಾಗ ಆ ಮಿತಿ ಸುಮಾರು 16 ಟೆಸ್ಲಾದಿಂದ 30 ದಾಟಿತು. ಇದಕ್ಕೆ ತೆತ್ತ ಬೆಲೆ? 39 ಕೆಲ್ವಿನ್ ಇಳಿದು ಸುಮಾರು 36.

ಲೇಟೆನ್ಸಿ, ಥ್ರೂಪುಟ್ ಎರಡರ ನಡುವೆ ಹಗ್ಗಜಗ್ಗಾಟ ಮಾಡೋ ನಿಮಗೆ ಈ ಲೆಕ್ಕ ಬಿಡಿಸಿ ಹೇಳ್ಬೇಕಾಗಿಲ್ಲ. ಕಾರ್ಬನ್ ಇನ್ನೂ ಸುರಿದ್ರೆ ಆಟ ಕೆಡುತ್ತೆ. ಅದೂ ಎಲೆಕ್ಟ್ರಾನ್ ತುಂಬುತ್ತೆ, ಜೋಡಿ ಮಾಡ್ತಿದ್ದ ನಂಟೇ ಸಡಿಲವಾಗುತ್ತೆ.

ಇದೆಲ್ಲಾ ಲ್ಯಾಬ್‌ನಲ್ಲೇ ಉಳಿದಿಲ್ಲ. 2014ರಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಸ್ಥೆ 20 ಮೀಟರ್ ಉದ್ದದ ಮೆಗ್ನೀಸಿಯಂ ಡೈಬೋರೈಡ್ ಕೇಬಲ್‌ಗಳಲ್ಲಿ, 24 ಕೆಲ್ವಿನ್‌ನಲ್ಲಿ, 20,000 ಆಂಪಿಯರ್ ಹರಿಸಿತು. ಇಟಲಿಯಲ್ಲಿ ದ್ರವ ಹೀಲಿಯಂ ಬೇಡದ 0.5 ಟೆಸ್ಲಾ ಎಂಆರ್‌ಐ ಈ ತಂತಿಯಿಂದಲೇ ತಯಾರಾಗಿದೆ. ಆಸ್ಪತ್ರೆಗಳ 1.5 ಟೆಸ್ಲಾ ಮಷೀನ್‌ಗಳಲ್ಲಿ ಮಾತ್ರ ನಯೋಬಿಯಂ-ಟೈಟಾನಿಯಂನದೇ ರಾಜ್ಯ. ಇದು ಬಗ್ಗಲ್ಲ, ಚಕ್ಕುಲಿ ಥರ ಪಟ್ ಅಂತ ಮುರಿಯುತ್ತೆ. ಮೈಲಿಗಟ್ಟಲೆ ತಂತಿಯಲ್ಲಿ ಎಲ್ಲಾ ಕಡೆ ಒಂದೇ ಹದ ಕಾಯೋದೂ ಕಷ್ಟ.

ಉಳಿದಿರೋ ಕೆಲಸ ಆ ಹದದ್ದೇ. ಜೋಡಿ ಮಾಡೋ ಕಂಪನ ಉಳೀಬೇಕು, ಹರಳು ಬೇಕಾದಷ್ಟೇ ಕೆಡಬೇಕು. ಅದು ಅಗ್ಗದಲ್ಲಿ ಸಾಧ್ಯವಾದ್ರೆ, ಹೀಲಿಯಂ ಲಾರಿ ತಲುಪದ ಊರಿನ ಆಸ್ಪತ್ರೆಯಲ್ಲೂ ಎಂಆರ್‌ಐ ಇಡಬಹುದು.