ಹಿರಿಯರ ವಸತಿಗೃಹಗಳಲ್ಲಿ ಕೇಶ ಸೇವೆ: ಬಿಲ್ಲಿನ ತಕರಾರು ಮತ್ತು ಪರಿಹಾರ

ನಿತ್ಯದ ಕೆಲಸಗಳಿಗೆ ಇತರರ ನೆರವು ಬೇಕಾದ ಹಿರಿಯ ನಾಗರಿಕರು ಶುಲ್ಕ ತೆತ್ತು ವಾಸಿಸುವ ವಸತಿಗೃಹಗಳು ಬೆಂಗಳೂರು, ಕೊಯಮತ್ತೂರು, ಪುಣೆಯಂತಹ ನಗರಗಳಲ್ಲಿ ನೆಲೆಯೂರಿವೆ. ಊಟ ಮತ್ತು ಶುಶ್ರೂಷೆಯ ಹೊಣೆಯನ್ನು ಸಂಸ್ಥೆಯೇ ಹೊರುತ್ತದೆ. ಕ್ಷೌರ, ಕೇಶ ವಿನ್ಯಾಸ, ಫಿಸಿಯೋಥೆರಪಿ ಮುಂತಾದ ಸೇವೆಗಳನ್ನು ಅನೇಕ ಕಡೆ ಹೊರಗಿನ ಸಣ್ಣ ಉದ್ಯಮಿಗಳು ಒದಗಿಸುತ್ತಾರೆ. ನಿಗದಿತ ದಿನದಂದು ಬಂದು ಹತ್ತಾರು ನಿವಾಸಿಗಳಿಗೆ ಸೇವೆ ಸಲ್ಲಿಸಿ ಹೋಗುವ ಕೇಶ ವಿನ್ಯಾಸಕರಿಗೆ ಇದು ಸ್ಥಿರವಾದ ವರಮಾನ. ಆದರೆ ಬಿಲ್ಲಿನ ತಕರಾರುಗಳು ಈ ವರಮಾನವನ್ನು ಸದ್ದಿಲ್ಲದೆ ಸವೆಸುತ್ತವೆ. ಒಂದೊಂದು ಬಿಲ್ಲಿನ ಮೊತ್ತವೂ ಅಲ್ಪವಾದುದರಿಂದ ನ್ಯಾಯಾಲಯದ ಮೆಟ್ಟಿಲೇರುವುದು ಲಾಭಕರವಲ್ಲ. ಉದಾಹರಣೆಗೆ, ತಿಂಗಳಿಗೆ 40 ಸೇವೆಗಳನ್ನು ತಲಾ 200 ರೂ. ದರದಲ್ಲಿ ಸಲ್ಲಿಸುವವರಿಗೆ 5 ಬಿಲ್ಲುಗಳು ಬಾರದೆ ಹೋದರೆ ವರ್ಷಕ್ಕೆ 12,000 ರೂ. ಖೋತಾ ಆಗುತ್ತದೆ, ಅದು ಒಂದೂವರೆ ತಿಂಗಳ ದುಡಿಮೆಗೆ ಸಮ.

ತಕರಾರಿನ ಮೂಲ

ಸಾಮಾನ್ಯ ಸಲೂನಿನಲ್ಲಿ ಸೇವೆ ಕೇಳುವವರು, ಪಡೆಯುವವರು ಮತ್ತು ಹಣ ಕೊಡುವವರು ಒಬ್ಬರೇ ಆಗಿರುತ್ತಾರೆ. ವಸತಿಗೃಹದಲ್ಲಿ ಈ ಮೂರು ಪಾತ್ರಗಳು ಬೇರೆ ಬೇರೆಯವರಲ್ಲಿ ಹಂಚಿಹೋಗಿರುತ್ತವೆ. ಸೇವೆ ಪಡೆಯುವವರು ಹಿರಿಯರು. ದಿನ ಗೊತ್ತುಪಡಿಸುವುದು ಸಂಸ್ಥೆಯ ಮೇಲ್ವಿಚಾರಕರು. ಹಣ ಕಳುಹಿಸುವುದು ದೂರದ ಊರಿನಲ್ಲಿಯೋ ಪರದೇಶದಲ್ಲಿಯೋ ಇರುವ ಮಗ ಅಥವಾ ಮಗಳು. ಹಣ ಕೊಡುವವರು ಕೆಲಸವನ್ನು ಕಣ್ಣಾರೆ ಕಂಡಿರುವುದಿಲ್ಲ. ಕೆಲಸ ಮಾಡಿಸಿಕೊಂಡವರಿಗೆ ಅದು ನೆನಪಿರುತ್ತದೆಂಬ ಭರವಸೆಯಿಲ್ಲ.

ಆದುದರಿಂದ ಪದೇ ಪದೇ ಕೇಳಿಬರುವ ಆಕ್ಷೇಪಗಳು ನಾಲ್ಕು: ಸೇವೆಯೇ ನಡೆದಿಲ್ಲವೆಂಬುದು, ಕೂದಲು ಕತ್ತರಿಸಲು ಹೇಳಿದ್ದರೆ ಬಣ್ಣವನ್ನೂ ಹಚ್ಚಲಾಗಿದೆಯೆಂಬುದು, ನಿವಾಸಿ ಆಸ್ಪತ್ರೆಯಲ್ಲಿದ್ದ ದಿನಕ್ಕೂ ಶುಲ್ಕ ಹಾಕಲಾಗಿದೆಯೆಂಬುದು, ಹಣವನ್ನು ಆಗಲೇ ನಗದಾಗಿ ಕೊಟ್ಟಾಗಿದೆಯೆಂಬುದು. ಈ ಆಕ್ಷೇಪಗಳ ಹಿಂದೆ ವಂಚನೆಯ ಉದ್ದೇಶ ಇರಲೇಬೇಕೆಂದಿಲ್ಲ. ದಾಖಲೆ ಇಲ್ಲದೆಡೆ ಸಂಶಯ ಹುಟ್ಟುವುದು ಸಹಜ.

ಮೊದಲೇ ಮಾಡಬೇಕಾದ ಕರಾರು

ಹಣ ಕೊಡುವ ಹೊಣೆ ಯಾರದೆಂಬುದನ್ನು ಸೇವೆ ಆರಂಭಿಸುವ ಮುನ್ನವೇ ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಅತ್ಯಗತ್ಯ. ಭಾರತೀಯ ಕರಾರು ಕಾಯ್ದೆ, 1872ರ 11 ಮತ್ತು 12ನೆಯ ಪ್ರಕರಣಗಳ ಪ್ರಕಾರ ಕರಾರು ಮಾಡುವವರು ಅದನ್ನು ಅರಿಯಬಲ್ಲ ಸ್ವಸ್ಥ ಚಿತ್ತದವರಾಗಿರಬೇಕು. ಮರೆವಿನ ಕಾಯಿಲೆ ಬಲಿತ ಹಿರಿಯರ ಬಾಯಿಮಾತಿನ ಒಪ್ಪಿಗೆ ಮುಂದೆ ನಿಲ್ಲದೆ ಹೋಗಬಹುದು. ಅಂತಹವರಿಗೆ ಜೀವನಾವಶ್ಯಕವಾದುದನ್ನು ಒದಗಿಸಿದವರು ಅವರ ಆಸ್ತಿಯಿಂದ ಹಣ ಪಡೆಯಬಹುದೆಂದು 68ನೆಯ ಪ್ರಕರಣ ಹೇಳುತ್ತದೆ. ಆದರೆ ಈ ಹಕ್ಕು ಆಸ್ತಿಯ ಮೇಲೆ ಮಾತ್ರ. ಮಕ್ಕಳು ಸ್ವಂತವಾಗಿ ಹೊಣೆಗಾರರಾಗುವುದಿಲ್ಲ. ಕ್ಷೌರವನ್ನು ಅವಶ್ಯಕತೆಯೆಂದು ವಾದಿಸಬಹುದಾದರೂ ಬಣ್ಣ, ಫೇಶಿಯಲ್‌ಗಳ ವಿಷಯದಲ್ಲಿ ಆ ವಾದ ದುರ್ಬಲವಾಗುತ್ತದೆ.

ಒಂದೇ ಪುಟದ ಒಪ್ಪಿಗೆ ಪತ್ರ ಸಾಕು. ಅದರಲ್ಲಿ ದರಪಟ್ಟಿ, ಭೇಟಿಯ ದಿನಗಳು, ರದ್ದತಿಯನ್ನು ತಿಳಿಸಬೇಕಾದ ಗಡುವು, ಬಿಲ್ಲು ಕಳುಹಿಸಬೇಕಾದ ವಿಳಾಸ ಮತ್ತು ಮಾಸಿಕ ಮಿತಿ ಇರತಕ್ಕದ್ದು. "ತಿಂಗಳಿಗೆ 400 ರೂ.ವರೆಗಿನ ಕೇಶ ಸೇವೆಯ ಮೊತ್ತವನ್ನು ನಾನು ಪಾವತಿಸುತ್ತೇನೆ, ಮಿತಿ ಮೀರುವುದಾದರೆ ಮೊದಲು ನನ್ನ ಒಪ್ಪಿಗೆ ಪಡೆಯತಕ್ಕದ್ದು" ಎಂಬಂತಹ ಒಂದು ವಾಕ್ಯಕ್ಕೆ ಹಣ ಕೊಡುವವರ ಸಹಿ ಇದ್ದರೆ ಅನೇಕ ತಕರಾರುಗಳು ಹುಟ್ಟುವುದೇ ಇಲ್ಲ.

ಸೇವಾ ಪುಸ್ತಕ ಮತ್ತು ಬಿಲ್ಲು

ಪ್ರತಿ ಭೇಟಿಯಲ್ಲಿಯೂ ದಿನಾಂಕ, ಕೋಣೆಯ ಸಂಖ್ಯೆ, ನಿವಾಸಿಯ ಹೆಸರು, ಮಾಡಿದ ಕೆಲಸ, ದರ ಇವಿಷ್ಟನ್ನು ಅಲ್ಲಿಯೇ ಬರೆದು, ಪಾಳಿಯಲ್ಲಿರುವ ಸಿಬ್ಬಂದಿಯ ಸಹಿ ಪಡೆಯಬೇಕು. ಸಂಜೆ ನೆನಪಿನಿಂದ ಬರೆದ ಪಟ್ಟಿಗೆ ಈ ಬೆಲೆ ಬರುವುದಿಲ್ಲ. ನಿವಾಸಿ ಸೇವೆ ಬೇಡವೆಂದರೆ ಅದನ್ನೂ ನಮೂದಿಸಬೇಕು. ನಗದು ಪಡೆದರೆ ಆ ಕ್ಷಣವೇ ರಸೀದಿ ಕೊಡಬೇಕು. ಭಕ್ಷೀಸನ್ನು ಬಿಲ್ಲಿನೊಂದಿಗೆ ಬೆರೆಸಬಾರದು. ಸಾಕ್ಷ್ಯಕ್ಕೆಂದು ಹಿರಿಯರ ಭಾವಚಿತ್ರ ತೆಗೆಯುವುದು ಒಪ್ಪಿಗೆಯಿಲ್ಲದೆ ಸಲ್ಲದು.

ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಬಿಲ್ಲು ಅಥವಾ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು. "ಕೇಶ ಸೇವೆ 600 ರೂ." ಎಂದಷ್ಟೇ ಬರೆದ ಬಿಲ್ಲು ತಕರಾರನ್ನು ಆಹ್ವಾನಿಸುತ್ತದೆ. ದಿನವಾರು ವಿವರ ಕೊಡುವುದು ಕ್ಷೇಮ. ಜಿಎಸ್‌ಟಿ ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತಿಲ್ಲ. ನೋಂದಾಯಿತರು ಗಮನಿಸಬೇಕಾದ ಸಂಗತಿಯೆಂದರೆ, ಸಲೂನು ಸೇವೆಗಳ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು, ಇದಕ್ಕೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವಿಲ್ಲ. ಹಳೆಯ ದರದ ನಮೂನೆಯಲ್ಲಿ ಬಿಲ್ಲು ಕಳುಹಿಸಿದರೆ ಆಕ್ಷೇಪ ಖಚಿತ.

ತಕರಾರು ಬಂದಾಗ

1. ನಿವಾಸಿಯೊಂದಿಗೆ ವಾದಿಸಬಾರದು. ತಮಗೆ ಕ್ಷೌರವೇ ಆಗಿಲ್ಲವೆನ್ನುವ ಹಿರಿಯರನ್ನು ಇತರರೆದುರು ಸುಳ್ಳುಗಾರರನ್ನಾಗಿಸಿದರೆ ಅವರ ಘನತೆಗೂ ಉದ್ಯಮಿಯ ಹೆಸರಿಗೂ ಧಕ್ಕೆ. ಮಾತು ಸಂಸ್ಥೆ ಮತ್ತು ಹಣ ಕೊಡುವವರೊಂದಿಗೆ ನಡೆಯಲಿ.

2. ಸೇವಾ ಪುಸ್ತಕದ ಸಂಬಂಧಿತ ನಮೂದಿನ ಪ್ರತಿಯೊಂದಿಗೆ ಒಂದು ವಾರದೊಳಗೆ ಲಿಖಿತ ಉತ್ತರ ಕೊಡಬೇಕು. ಇತರ ನಿವಾಸಿಗಳ ವಿವರ ಆ ಪ್ರತಿಯಲ್ಲಿ ಕಾಣದಂತೆ ಎಚ್ಚರ ವಹಿಸಬೇಕು.

3. ತಕರಾರಿಲ್ಲದ ಮೊತ್ತವನ್ನು ಪ್ರತ್ಯೇಕಿಸಿ, ಅದನ್ನು ಕೂಡಲೇ ಪಾವತಿಸುವಂತೆ ಕೋರಬೇಕು.

4. ತಪ್ಪು ತಮ್ಮದೆಂದು ಕಂಡರೆ ಹಳೆಯ ಬಿಲ್ಲನ್ನು ತಿದ್ದದೆ, ಕ್ರೆಡಿಟ್ ನೋಟ್ ಮೂಲಕ ಸರಿಪಡಿಸಬೇಕು.

5. ನಿವಾಸಿ ನಿಧನರಾದರೆ ಕೆಲವು ವಾರ ತಡೆದು, ಸಂತಾಪ ಸೂಚಿಸಿದ ಪತ್ರದೊಡನೆ ಲೆಕ್ಕ ಕಳುಹಿಸುವುದು ಉಚಿತ. ಬಾಕಿಯು ಮೃತರದೇ ಆಗಿದ್ದಲ್ಲಿ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯಲ್ಲಿರುತ್ತದೆ.

ಸಂಸ್ಥೆಯೇ ಹಣ ಕೊಡುವುದಾದರೆ

ನಿವಾಸಿಗಳಿಂದ ಶುಲ್ಕ ಪಡೆದು, ಸೇವೆ ಸಲ್ಲಿಸಿದವರಿಗೆ ಸಂಸ್ಥೆಯೇ ಪಾವತಿಸುವ ಕರಾರಿದ್ದಲ್ಲಿ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006 ನೆರವಿಗೆ ಬರುತ್ತದೆ. ಸೇವೆ ಸಲ್ಲಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಸೇವೆಯನ್ನು ಒಪ್ಪಿಕೊಂಡಂತೆಯೇ ಸರಿ. ಲಿಖಿತ ಕರಾರಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ತೆರಬೇಕಾಗುತ್ತದೆ. ದೂರನ್ನು ಫೆಸಿಲಿಟೇಷನ್ ಕೌನ್ಸಿಲ್‌ಗೆ ಸಲ್ಲಿಸಬಹುದು. ಈ ರಕ್ಷಣೆಯನ್ನು ನೆಚ್ಚುವವರು ಉದ್ಯಮ್ ನೋಂದಣಿಯನ್ನು ಸೇವೆ ಆರಂಭಿಸುವ ಮೊದಲೇ ಮಾಡಿಸಿಕೊಳ್ಳುವುದು ಒಳಿತು.

ಇತರ ಪ್ರಕರಣಗಳಲ್ಲಿ ದಾವೆ ಹೂಡುವ ಮುನ್ನವೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ; ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಪಾವತಿಗೆ ದಿನ ಗೊತ್ತುಪಡಿಸದ ಕೆಲಸದ ಹಣಕ್ಕೆ, ಕೆಲಸ ಮುಗಿದಂದಿನಿಂದ ಮೂರು ವರ್ಷಗಳ ಕಾಲಮಿತಿ ಅನ್ವಯಿಸುತ್ತದೆ. ಆ ಅವಧಿಯೊಳಗೆ ಬಾಕಿದಾರರು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಪತ್ರ ಕೊಟ್ಟರೆ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ.

ವಸತಿಗೃಹಗಳಿಗೆ ಬಟ್ಟೆ ಒಗೆತ, ಔಷಧಿ, ಹಾಸಿಗೆ ಸಾಮಗ್ರಿ ಒದಗಿಸುವ ವರ್ತಕರಿಗೂ, ತಯಾರಕರಿಗೂ ಮೇಲಿನ ಬಹುತೇಕ ಕ್ರಮಗಳು ಅನ್ವಯಿಸುತ್ತವೆ. ಪಡೆಯುವವರು ಒಬ್ಬರು, ತೆರುವವರು ಇನ್ನೊಬ್ಬರು ಆಗಿರುವ ಪ್ರತಿಯೊಂದು ವ್ಯವಹಾರದಲ್ಲಿಯೂ ಒಪ್ಪಿಗೆ ಪತ್ರ ಮತ್ತು ಅಂದಂದಿನ ಸಹಿಯುಳ್ಳ ಪುಸ್ತಕ ಇವೆರಡನ್ನು ಕೆಲಸಕ್ಕೆ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳತಕ್ಕದ್ದು.